ಫಿರೋಝ್ ಶಾಹ್ ಬಹಮನಿಯ ಪತನ: ಶಾಪದ ಫಲವೋ, ವ್ಯವಸ್ಥೆಯ ಪಾಪವೋ?

ಹುಬ್ಬಳ್ಳಿಯ ಕಮರಿಪೇಟೆಯ ಚಹಾದಂಗಡಿಯೊಂದರಲ್ಲಿ ಇಶಾ ನಮಾಝಿನ ಬಳಿಕ ನಡೆದ ಮಾತುಕತೆಯೊಂದು ಈ ಲೇಖನಕ್ಕೆ ಕಾರಣ. ಕಲಬುರಗಿಯಲ್ಲಿ ಹಝ್ರತ್ ಖ್ವಾಜಾ ಬಂದಾನವಾಝ್(ರ)ರ ಉರೂಸ್ ಮುಗಿಸಿ ಬಂದಿದ್ದ ಪದವಿ ತರಗತಿಯ ಹುಡುಗನೊಬ್ಬ ತಾನಲ್ಲಿ ಕೇಳಿದ ಕಥೆಯನ್ನು ಉತ್ಸಾಹದಿಂದ ಹೇಳುತ್ತಿದ್ದ. ಫಿರೋಝ್ ಶಾಹ್ ಎಂಬ ಸುಲ್ತಾನ ಖ್ವಾಜಾರ ಮನಸ್ಸನ್ನು ನೋಯಿಸಿದನಂತೆ, ಖ್ವಾಜಾ ಶಪಿಸಿದರಂತೆ, ಸಿಂಹಾಸನ ಉರುಳಿತಂತೆ. ಪಕ್ಕದಲ್ಲಿದ್ದ ಅವನ ಗೆಳೆಯ ತನ್ನ ಮೊಬೈಲಿಗೆ ಬಂದಿದ್ದ ಸಂದೇಶವೊಂದನ್ನು ತೋರಿಸಿದ. ಅದರಲ್ಲಿ ಅದೇ ಸುಲ್ತಾನ ವಿಜಯನಗರದ ಅರಸನ ಮಗಳನ್ನು ಬಲವಂತದಿಂದ ಒಯ್ದ ರಾಕ್ಷಸನಾಗಿದ್ದ. ಹುಡುಗ ನಮ್ಮತ್ತ ತಿರುಗಿ, “ಮೌಲ್ವಿ ಸಾಬ್, ನೀವ ಹೇಳ್ರಿ, ಈ ಸುಲ್ತಾನ ನಮ್ಮಾಂವ ಹೌದೋ ಅಲ್ಲೋ?” ಎಂದು ಕೇಳಿದ. ನಾವು ಉತ್ತರಿಸುವ ಮೊದಲೇ ಮೂಲೆಯ ಬಾಕಿನ ಮೇಲೆ ಕುಳಿತಿದ್ದ ಸಾವಜಿ ಸಮಾಜದ ಹಿರಿಯರೊಬ್ಬರು, “ನಿಮ್ಮಾಂವ ಇದ್ರೇನು, ನಮ್ಮಾಂವ ಇದ್ರೇನು ತಮ್ಮಾ? ಅಂವ ತೆರಿಗಿ ಯಾರ ಕಡಿಂದ ಒಯ್ತಿದ್ದಾ, ಅದನ್ನ ಹೇಳು” ಎಂದರು.

ನಾವು ಓದಿದ ಚರಿತ್ರೆ ಗ್ರಂಥಗಳು ಅಷ್ಟಾಗಿ ಕೇಳದ ಪ್ರಶ್ನೆಯನ್ನು ಆ ಹಿರಿಯರು ಕೇಳಿದ್ದರು. ನಮ್ಮ ಸಮುದಾಯದಲ್ಲಿ ಸುಲ್ತಾನರ ಕುರಿತು ಎರಡೇ ಬಗೆಯ ಮಾತುಗಳು ಕೇಳಿ ಬರುತ್ತವೆ. ಒಂದು, ಅವರು ನಮ್ಮ ಗತವೈಭವ ಎಂಬ ಹೆಮ್ಮೆ. ಇನ್ನೊಂದು, ಯಾರಾದರೂ ಅವರನ್ನು ದೂಷಿಸಿದಾಗ ನಾವೇ ಆರೋಪಿಗಳೆಂಬಂತೆ ನೀಡುವ ಸಮಜಾಯಿಷಿ. ಇವೆರಡರಿಂದಲೂ ಬಿಡಿಸಿಕೊಂಡು ನೋಡಿದರೆ ಫಿರೋಝ್ ಶಾಹ್‌ನ 25 ವರ್ಷಗಳ ಆಳ್ವಿಕೆಯೂ ಅದರ ಅಂತ್ಯವೂ ನಮಗೆ ಬೇರೆಯೇ ಪಾಠವನ್ನು ಹೇಳುತ್ತವೆ. ಆತ ಬಿದ್ದದ್ದು ಶಾಪದಿಂದಲ್ಲ. ಅಧಿಕಾರದ ಕುರ್ಚಿಯಿಂದ ಗೌರವದಿಂದ ಇಳಿಯುವ ದಾರಿಯೇ ಇಲ್ಲದ ವ್ಯವಸ್ಥೆಯಲ್ಲಿ ಆತ ಏರಿದ್ದ, ಅದೇ ವ್ಯವಸ್ಥೆಯಲ್ಲಿ ಉರುಳಿದ.

ಹಫ್ತ್ ಗುಂಬಝ್‌ನ ಅಂಗಳ

ದಿಲ್ಲಿಯ ಮುಹಮ್ಮದ್ ಬಿನ್ ತುಘ್ಲಕ್‌ನ ವಿರುದ್ಧ ದಂಗೆಯೆದ್ದ ದಖನಿನ ಅಮೀರರು 1347ರಲ್ಲಿ ಅಲಾವುದ್ದೀನ್ ಹಸನ್ ಬಹ್ಮನ್ ಶಾಹ್‌ನನ್ನು ಸುಲ್ತಾನನನ್ನಾಗಿ ಆರಿಸಿದರು. ಗುಲ್ಬರ್ಗಾ, ಅಂದರೆ ಇಂದಿನ ಕಲಬುರಗಿ, ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿಅ ಮಸೀದಿ 1367ರಲ್ಲಿ ಎದ್ದು ನಿಂತಿತು. ರಾಜ್ಯ ಬೆಳೆಯಿತು, ಖಜಾನೆ ತುಂಬಿತು. ಆದರೆ ಒಬ್ಬ ಸುಲ್ತಾನನ ಬಳಿಕ ಇನ್ನೊಬ್ಬ ಹೇಗೆ ಬರಬೇಕು ಎಂಬುದಕ್ಕೆ ಒಂದು ನಿಯಮ ಮಾತ್ರ ಹುಟ್ಟಲೇ ಇಲ್ಲ.

ಅದರ ಪರಿಣಾಮವನ್ನು ಕಲಬುರಗಿಯ ಹಫ್ತ್ ಗುಂಬಝ್ ಗೋರಿಗಳ ಅಂಗಳದಲ್ಲಿ ಇಂದಿಗೂ ಓದಬಹುದು. 1378ರಲ್ಲಿ ಯುವ ಸುಲ್ತಾನ ಮುಜಾಹಿದ್ ಶಾಹ್ ತನ್ನ ಚಿಕ್ಕಪ್ಪ ದಾವೂದನ ಸಂಚಿಗೆ ಬಲಿಯಾದ. ಸಿಂಹಾಸನವೇರಿದ ದಾವೂದ್ ಅದೇ ವರ್ಷ ಮಸೀದಿಯಲ್ಲಿ ಕೊಲೆಯಾದ. ಅದರ ಹಿಂದೆ ಮುಜಾಹಿದನ ಸಹೋದರಿ ರೂಹ್ ಪರ್ವರ್ ಆಘಾಳ ಕೈ ಇತ್ತು. ದಾವೂದನ ಎಳೆಯ ಮಗ ಸಂಜರ್‌ನ ಕಣ್ಣು ಕೀಳಿಸಲಾಯಿತು. ಆ ಬಳಿಕ ಎರಡನೆಯ ಮುಹಮ್ಮದ್ ಶಾಹ್ 19 ವರ್ಷಗಳ ಕಾಲ ಶಾಂತಿಯಿಂದ ಆಳಿದ್ದು ನಿಜ. ಆದರೆ 1397ರಲ್ಲಿ ಅವನು ತೀರಿಕೊಂಡ ಕೂಡಲೇ ಹಳೆಯ ರೋಗ ಮರುಕಳಿಸಿತು. ಅವನ ಮಗ ಘಿಯಾಸುದ್ದೀನ್ ಎರಡು ತಿಂಗಳು ಪೂರ್ತಿ ಆಳುವ ಮೊದಲೇ ತುಘಲ್‌ಚಿನ್ ಎಂಬ ತುರ್ಕಿ ಗುಲಾಮ ಅಧಿಕಾರಿ ಅವನ ಕಣ್ಣು ಕೀಳಿಸಿ, ಶಂಸುದ್ದೀನ್ ಎಂಬ ಇನ್ನೊಬ್ಬ ಬಾಲಕನನ್ನು ಹೆಸರಿಗೆ ಸುಲ್ತಾನನನ್ನಾಗಿ ಕೂರಿಸಿದ. ಘಿಯಾಸುದ್ದೀನನ ಸಹೋದರಿಯರನ್ನು ಮದುವೆಯಾಗಿದ್ದ ಫಿರೋಝ್ ಮತ್ತು ಅಹ್ಮದ್ ಎಂಬ ಅಣ್ಣತಮ್ಮಂದಿರು ಸೇಡು ತೀರಿಸಲು ಎದ್ದರು. ನವೆಂಬರ್ ತಿಂಗಳಲ್ಲಿ ದರ್ಬಾರು ಅವರ ವಶವಾಯಿತು, ಅಣ್ಣ ಫಿರೋಝ್ ಪಟ್ಟವೇರಿದ. ಒಂದೇ ವರ್ಷದಲ್ಲಿ ಗುಲ್ಬರ್ಗಾ ನಾಲ್ವರು ಸುಲ್ತಾನರನ್ನು ಕಂಡಿತು.

ಕೊಂದವನೂ ಕೊಲೆಯಾದವನೂ, ಕಣ್ಣು ಕಳೆದುಕೊಂಡವರೂ ಇಂದು ಹಫ್ತ್ ಗುಂಬಝ್‌ನ ಒಂದೇ ಅಂಗಳದಲ್ಲಿ ಮಲಗಿದ್ದಾರೆ. ಅಲ್ಲಿನ ಗೋರಿಗಳಲ್ಲೆಲ್ಲ ದೊಡ್ಡದು ಫಿರೋಝ್ ಶಾಹ್‌ನದು. ಆ ಗುಂಬಝ್‌ಗಳ ಸೌಂದರ್ಯವನ್ನು ಕಂಡು ಬೆರಗಾಗುವವರು ಅವುಗಳ ಕೆಳಗಿರುವವರು ಹೇಗೆ ಸತ್ತರು ಎಂಬುದನ್ನೂ ಒಮ್ಮೆ ಕೇಳಬೇಕಲ್ಲವೇ?

ವಿದ್ವಾಂಸ ಸುಲ್ತಾನ

ಫಿರೋಝ್ ಶಾಹ್ ಸಾಮಾನ್ಯ ಅರಸನಾಗಿರಲಿಲ್ಲ. ಅವನ ಕುರಿತು ನಮಗೆ ವಿವರವಾದ ಚಿತ್ರ ಸಿಗುವುದು ಚರಿತ್ರೆಕಾರ ಫರಿಶ್ತಾನಿಂದ. ಫರಿಶ್ತಾ ಬಿಜಾಪುರದ ಎರಡನೆಯ ಇಬ್ರಾಹೀಮ್ ಆದಿಲ್ ಶಾಹ್‌ನ ಆಶ್ರಯದಲ್ಲಿ, ಅಂದರೆ ಈ ಘಟನೆಗಳು ನಡೆದು ಸುಮಾರು ಎರಡು ಶತಮಾನಗಳ ಬಳಿಕ ಬರೆದವನು. ಆಸ್ಥಾನದಲ್ಲಿ ಕುಳಿತು ಬರೆದವರು ಅರಸರ ವಿಷಯದಲ್ಲಿ ಉದಾರಿಗಳಾಗಿರುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡೇ ಅವನನ್ನು ಓದಬೇಕು.

ಅವನ ಪ್ರಕಾರ ಸುಲ್ತಾನ ಕುರ್‌ಆನಿನ ಪುಟಗಳನ್ನು ತನ್ನ ಕೈಯಿಂದಲೇ ನಕಲು ಮಾಡುತ್ತಿದ್ದ. ವಾರದಲ್ಲಿ ಮೂರು ದಿನ ಗಣಿತ, ತರ್ಕ ಮೊದಲಾದ ವಿಷಯಗಳನ್ನು ಸ್ವತಃ ಪಾಠ ಹೇಳುತ್ತಿದ್ದ. ಹಗಲು ಬಿಡುವಿಲ್ಲದಿದ್ದರೆ ರಾತ್ರಿ ವಿದ್ಯಾರ್ಥಿಗಳನ್ನು ಕರೆಸುತ್ತಿದ್ದ. ಅನೇಕ ಭಾಷೆಗಳನ್ನು ಬಲ್ಲವನಾಗಿದ್ದ. ಗೋವಾ ಮತ್ತು ಚೌಲ್ ಬಂದರುಗಳಿಂದ ಪ್ರತಿವರ್ಷ ಹಡಗುಗಳನ್ನು ಕಳುಹಿಸಿ ಸರಕುಗಳ ಜೊತೆಗೆ ವಿದ್ವಾಂಸರನ್ನೂ ತರಿಸುತ್ತಿದ್ದ. ತಫ್ತಾಝಾನಿಯವರ ಶಿಷ್ಯರಾಗಿದ್ದ ಮೀರ್ ಫಝ್ಲುಲ್ಲಾಹ್ ಇಂಜೂ ಅವನ ಗುರುವೂ ಆಗಿದ್ದರು, ಪ್ರಧಾನಿಯೂ ಆದರು. ಮದ್ರಸದಲ್ಲಿ ಕಲಿತವರಿಗೆ ತಫ್ತಾಝಾನಿಯವರ ಹೆಸರನ್ನು ಪರಿಚಯಿಸಬೇಕಾಗಿಲ್ಲ. ಅವರ ಗ್ರಂಥಗಳನ್ನು ನಾವಿಂದಿಗೂ ಪಠ್ಯವಾಗಿ ಓದುತ್ತೇವೆ. 1407ರಲ್ಲಿ ದೌಲತಾಬಾದಿನ ಬಳಿ ಖಗೋಳ ವೀಕ್ಷಣಾಲಯವೊಂದನ್ನು ಕಟ್ಟಿಸಲು ಸುಲ್ತಾನ ಆರಂಭಿಸಿದ. ಅದರ ಹೊಣೆ ಹೊತ್ತಿದ್ದ ಹಕೀಮ್ ಹಸನ್ ಗೀಲಾನಿ ತೀರಿಕೊಂಡದ್ದರಿಂದ ಕೆಲಸ ಅರ್ಧಕ್ಕೇ ನಿಂತಿತು. ಭೀಮಾ ನದಿಯ ದಂಡೆಯಲ್ಲಿ ಫಿರೋಝಾಬಾದ್ ಎಂಬ ಹೊಸ ನಗರವನ್ನು ಕಟ್ಟಿಸಿದ. ಅದರ ಕೋಟೆಗೋಡೆಗಳು ಇಂದಿಗೂ ಹೊಲಗಳ ನಡುವೆ ನಿಂತಿವೆ. ಆಡಳಿತದಲ್ಲಿ ಬ್ರಾಹ್ಮಣರಿಗೂ ಉನ್ನತ ಹುದ್ದೆಗಳನ್ನು ನೀಡಿದ.

ಇಷ್ಟೆಲ್ಲ ಓದಿದಾಗ ನಮ್ಮಂತಹ ಬಡ ವಿದ್ಯಾರ್ಥಿಗಳಿಗೆ ಮನಸ್ಸು ಉಬ್ಬುವುದು ಸಹಜ. ಆದರೆ ಅದೇ ಫರಿಶ್ತಾ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ. ಧರ್ಮವು ವಿಧಿಸಿದ ನಾಲ್ಕು ಪತ್ನಿಯರ ಮಿತಿಯನ್ನು ದಾಟುವ ದಾರಿಯೊಂದನ್ನು ಹುಡುಕಿ ಕೊಡುವಂತೆ ಸುಲ್ತಾನ ವಿದ್ವಾಂಸರನ್ನು ಕೇಳಿದ. ದಾರಿ ಸಿಕ್ಕಿತು. ಅಂತಃಪುರದಲ್ಲಿ ನೂರಾರು ಸ್ತ್ರೀಯರು ತುಂಬಿದರು. ಕುರ್‌ಆನನ್ನು ನಕಲು ಮಾಡುವ ಕೈ ಅದರ ಆಜ್ಞೆಗಳ ಸುತ್ತ ದಾರಿ ಹುಡುಕುವ ಕೈಯೂ ಆಗಬಲ್ಲದು. ಅರಸನು ಎಷ್ಟೇ ವಿದ್ವಾಂಸನಾಗಿರಲಿ, ಸುತ್ತಲಿನ ವಿದ್ವಾಂಸರು ಅವನ ಅನ್ನದ ಋಣದಲ್ಲಿರುವಾಗ ‘ಇದು ಸಲ್ಲದು’ ಎಂದು ಹೇಳುವವರು ಯಾರು?

ಯುದ್ಧ, ಮದುವೆ ಮತ್ತು ಬಂಕಾಪುರ

ಇನ್ನು ಮೊಬೈಲಿನ ಸಂದೇಶಕ್ಕೆ ಬರೋಣ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು, ಮುದಗಲ್ಲು ಸೀಮೆಗಾಗಿ ಬಹಮನಿ ಮತ್ತು ವಿಜಯನಗರಗಳು ತಲೆಮಾರುಗಟ್ಟಲೆ ಕಾದಾಡಿದವು. ಅದು ಫಲವತ್ತಾದ ಭೂಮಿ, ಕೋಟೆಗಳಿದ್ದ ಭೂಮಿ. ಅದನ್ನು ಯಾರು ಹಿಡಿಯುತ್ತಾರೋ ಅವರಿಗೆ ಅದರ ಕಂದಾಯ. ಎರಡೂ ಕಡೆಯ ಆಸ್ಥಾನಗಳು ತಮ್ಮ ಯುದ್ಧಗಳಿಗೆ ಧರ್ಮದ ಬಣ್ಣ ಬಳಿದವು. ಆದರೆ ಎರಡೂ ಕಡೆಯ ಸೈನ್ಯಗಳ ಕುದುರೆಗಳು ತುಳಿದದ್ದು ಒಂದೇ ಬೆಳೆಯನ್ನು.

1406ರ ಯುದ್ಧದ ಕುರಿತು ಫರಿಶ್ತಾ ಹೇಳುವ ಕಥೆ ಪ್ರಸಿದ್ಧವಾದುದು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ರೂಪವತಿ ಮಗಳನ್ನು ಪಡೆಯಲು ಒಂದನೆಯ ದೇವರಾಯ ಸೈನ್ಯ ಕಳುಹಿಸಿದ, ಅದು ಬಹಮನಿ ಸೀಮೆಯ ಹಳ್ಳಿಗಳನ್ನು ಕೊಳ್ಳೆಹೊಡೆಯಿತು, ಫಿರೋಝ್ ಶಾಹ್ ಪ್ರತಿಯಾಗಿ ವಿಜಯನಗರದವರೆಗೆ ದಂಡೆತ್ತಿ ಹೋದ. ಕೊನೆಗೆ ಸಂಧಿಯಾಯಿತು. ದೇವರಾಯ ತನ್ನ ಮಗಳನ್ನು ಸುಲ್ತಾನನಿಗೆ ಮದುವೆ ಮಾಡಿಕೊಟ್ಟ. ಅದರ ಜೊತೆಗೆ 10 ಲಕ್ಷ ಹೊನ್ನು, 50 ಆನೆಗಳು, ಮುತ್ತುಗಳು, 2000 ದಾಸದಾಸಿಯರು ಮತ್ತು ಬಂಕಾಪುರದ ಕೋಟೆಯನ್ನು ಕೊಟ್ಟ. ಈ ಬಂಕಾಪುರ ನಮಗೆ ದೂರದ ಊರಲ್ಲ. ಹುಬ್ಬಳ್ಳಿಯಿಂದ ಹಾವೇರಿಗೆ ಹೋಗುವವರು ಶಿಗ್ಗಾವಿ ದಾಟಿದ ಬಳಿಕ ಸಿಗುವ ಊರು. ಅದರ ಕೋಟೆಯೊಳಗೆ ನಗರೇಶ್ವರ ದೇವಾಲಯವಿದೆ, ಇಂದು ನವಿಲುಗಳು ಓಡಾಡುತ್ತವೆ. ಅಲ್ಲಿನ ಒಕ್ಕಲಿಗನಿಗೆ ಒಂದು ಬೆಳಿಗ್ಗೆ ತಾನು ವರದಕ್ಷಿಣೆಯಾಗಿ ಬೇರೊಬ್ಬ ಅರಸನ ಪಾಲಾಗಿದ್ದೇನೆಂದು ತಿಳಿದಾಗ ಅವನನ್ನು ಯಾರಾದರೂ ಒಂದು ಮಾತು ಕೇಳಿದ್ದರೇ? ಆನೆ ಮತ್ತು ಮುತ್ತುಗಳ ಪಟ್ಟಿಯಲ್ಲಿ ಸೇರಿದ ಆ 2000 ಮನುಷ್ಯರನ್ನು ಯಾರಾದರೂ ಕೇಳಿದ್ದರೇ? ಗುಲಾಮರನ್ನು ಬಿಡುಗಡೆಗೊಳಿಸುವುದನ್ನು ಪುಣ್ಯಕಾರ್ಯವೆಂದು ಕಲಿಸಿದ ಧರ್ಮದ ಹೆಸರಿನಲ್ಲಿ ಆಳಿದವನು ಗುಲಾಮರನ್ನು ಉಡುಗೊರೆಯಾಗಿ ಪಡೆದ. ಇದರಲ್ಲಿ ಹೆಮ್ಮೆಪಡುವಂತಹದು ನಮಗೆ ಏನೂ ಕಾಣುವುದಿಲ್ಲ.

ಹಾಗೆಂದು ಇದನ್ನು ಇಂದಿನ ಎರಡು ಸಮುದಾಯಗಳ ನಡುವಿನ ಲೆಕ್ಕವನ್ನಾಗಿ ಮಾಡುವುದು ಅದಕ್ಕಿಂತ ದೊಡ್ಡ ಅನ್ಯಾಯ. ಮಗಳನ್ನು ಸಂಧಿಯ ಕರಾರಿನಲ್ಲಿ ಸೇರಿಸಿದವನು ಒಬ್ಬ ಅರಸ, ಒಪ್ಪಿಕೊಂಡವನು ಇನ್ನೊಬ್ಬ ಅರಸ. ಆ ಹೆಣ್ಣಿನ ಮನಸ್ಸೇನೆಂದು ಇಬ್ಬರ ಚರಿತ್ರೆಕಾರರೂ ಬರೆಯಲಿಲ್ಲ. ಮದುವೆಯಿಂದ ಶಾಂತಿಯಾದರೂ ಬಂತೇ ಎಂದರೆ ಅದೂ ಇಲ್ಲ. ಬೀಳ್ಕೊಡುವಾಗ ದೇವರಾಯ ತನ್ನನ್ನು ಪಾಳೆಯದವರೆಗೆ ಬಿಟ್ಟು ಬರದೆ ನಡುದಾರಿಯಲ್ಲೇ ಹಿಂದಿರುಗಿದನೆಂದು ಸುಲ್ತಾನ ಅದನ್ನು ಅವಮಾನವೆಂದು ಎಣಿಸಿದನಂತೆ. ಲಕ್ಷಾಂತರ ಜನರ ಶಾಂತಿ ಇಬ್ಬರು ಅರಸರ ಕೆಲವು ಹೆಜ್ಜೆಗಳ ಮರ್ಯಾದೆಯ ಮೇಲೆ ನಿಂತಿತ್ತು ಎಂದರೆ ಆ ಶಾಂತಿಯ ಬೆಲೆ ಎಷ್ಟೆಂದು ನಾವು ಊಹಿಸಬಹುದು. ಇನ್ನು ಆ ಅಕ್ಕಸಾಲಿಗನ ಮಗಳನ್ನು ಸುಲ್ತಾನ ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಈ ಹಸನ್ ಖಾನನ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಪಾನಗಲ್ಲಿನಿಂದ ಪಲ್ಲಕ್ಕಿಯವರೆಗೆ

1417ರ ಸುಮಾರಿಗೆ ಫಿರೋಝ್ ಶಾಹ್ ಇಂದಿನ ತೆಲಂಗಾಣದಲ್ಲಿರುವ ಪಾನಗಲ್ಲು ಕೋಟೆಗೆ ಮುತ್ತಿಗೆ ಹಾಕಿದ. ಮುತ್ತಿಗೆ ಎರಡು ವರ್ಷ ಎಳೆಯಿತು. ಪಾಳೆಯದಲ್ಲಿ ಸಾಂಕ್ರಾಮಿಕ ರೋಗ ಹರಡಿ ಮನುಷ್ಯರೂ ಕುದುರೆಗಳೂ ಸತ್ತರು. ದಣಿದಿದ್ದ ಆ ಸೈನ್ಯದ ಮೇಲೆ 1420ರಲ್ಲಿ ದೇವರಾಯನ ದಂಡು ಎರಗಿತು. ಮೀರ್ ಫಝ್ಲುಲ್ಲಾಹ್ ಇಂಜೂ ರಣರಂಗದಲ್ಲೇ ಮಡಿದರು. ಸುಲ್ತಾನ ಸೋತು ಹಿಂದಿರುಗಿದ. ವಿಜಯನಗರದ ಸೈನ್ಯ ಬಹಮನಿ ಸೀಮೆಯೊಳಗೆ ನುಗ್ಗಿತು. ಹಿಂದಿನ ಯುದ್ಧಗಳ ಸೇಡನ್ನು ಅಲ್ಲಿನ ಸಾಮಾನ್ಯರ ಮೇಲೆ ತೀರಿಸಿತು.

ಈ ಸೋಲಿನಿಂದ ಸುಲ್ತಾನ ಚೇತರಿಸಿಕೊಳ್ಳಲಿಲ್ಲ. ದೇಹಕ್ಕೆ ರೋಗ, ಮನಸ್ಸಿಗೆ ಖಿನ್ನತೆ ಅಂಟಿಕೊಂಡವು. ರಾಜ್ಯದ ಕೀಲಿಕೈ ಹೋಶಿಯಾರ್ ಮತ್ತು ಬೀದಾರ್ ಎಂಬ ಇಬ್ಬರು ಗುಲಾಮ ಅಧಿಕಾರಿಗಳ ಕೈ ಸೇರಿತು. 25 ವರ್ಷಗಳ ಕಾಲ ಅಣ್ಣನ ಬಲಗೈಯಾಗಿದ್ದ ಅಹ್ಮದನನ್ನು ಸೈನ್ಯ ಪ್ರೀತಿಸುತ್ತಿತ್ತು. ಅವನಿರುವವರೆಗೆ ಹಸನ್ ಖಾನನಿಗೆ ಪಟ್ಟ ದಕ್ಕದೆಂದು ಆ ಇಬ್ಬರು ಸುಲ್ತಾನನ ಕಿವಿಯೂದಿದರು. ತಮ್ಮನ ಕಣ್ಣು ಕೀಳಿಸುವ ಯೋಜನೆ ಸಿದ್ಧವಾಯಿತು. ಯಾವ ಕ್ರೌರ್ಯವನ್ನು ಕಂಡು ರೊಚ್ಚಿಗೆದ್ದು 1397ರಲ್ಲಿ ಅಣ್ಣತಮ್ಮಂದಿರು ಜೊತೆಯಾಗಿ ಖಡ್ಗ ಹಿಡಿದಿದ್ದರೋ, ಅದೇ ಕ್ರೌರ್ಯ ಈಗ ಅಣ್ಣನ ಅರಮನೆಯಿಂದ ತಮ್ಮನ ಮನೆಯತ್ತ ಹೊರಟಿತ್ತು.

ಸುದ್ದಿ ತಿಳಿದ ಅಹ್ಮದ್ ರಾತ್ರಿ ಕಳೆಯುವ ಮೊದಲೇ ಕುದುರೆಯೇರಿದ. ಬಾಗಿಲಲ್ಲಿ ಬಸ್ರಾದ ವರ್ತಕ ಖಲಫ್ ಹಸನ್ ಕಾದಿದ್ದು, ಅವನಿಗೆ ಸುಲ್ತಾನರಿಗೆ ಸಲ್ಲುವ ರೀತಿಯಲ್ಲಿ ಸಲಾಮ್ ಮಾಡಿ ಜೊತೆಗೂಡಿದ. ಬೆನ್ನಟ್ಟಿ ಬಂದ ಸೈನ್ಯ ದೊಡ್ಡದು, ಅಹ್ಮದನ ಬಳಿ ಇದ್ದವರು ಕೆಲವೇ ಮಂದಿ. ಆಗ ಖಲಫ್ ಹಸನ್ ಆ ದಾರಿಯಲ್ಲಿ ಬಂದಿದ್ದ ಬಂಜಾರರ ಎತ್ತುಗಳನ್ನೂ ವ್ಯಾಪಾರಿಗಳ ಕುದುರೆಗಳನ್ನೂ ಪಡೆದು, ಅವುಗಳ ಮೇಲೆ ಬಾವುಟಗಳನ್ನು ಕಟ್ಟಿ ದೂರದಲ್ಲಿ ನಿಲ್ಲಿಸಿದ. ಧೂಳಿನ ನಡುವೆ ಅದನ್ನು ಕಂಡ ಸುಲ್ತಾನನ ಸೈನ್ಯ ಹೊಸ ದಂಡು ಬಂತೆಂದು ಭ್ರಮಿಸಿ ಹಿಮ್ಮೆಟ್ಟಿತು. ದಖನಿನ ಅತ್ಯಂತ ವಿದ್ವಾಂಸ ಸುಲ್ತಾನನ ಸೈನ್ಯವನ್ನು ಧಾನ್ಯ ಹೊರುವ ಎತ್ತುಗಳು ಓಡಿಸಿದವು.

ರೋಗದಿಂದ ನರಳುತ್ತಿದ್ದ ಫಿರೋಝ್ ಶಾಹ್ ಕೊನೆಗೆ ಪಲ್ಲಕ್ಕಿಯಲ್ಲಿ ಕುಳಿತು ತಾನೇ ಯುದ್ಧಕ್ಕೆ ಹೊರಟ. ನಡುವೆ ಮೂರ್ಛೆ ಹೋದ. ಸುಲ್ತಾನ ತೀರಿಕೊಂಡನೆಂಬ ವದಂತಿ ಹಬ್ಬಿ ಅಮೀರರು ಅಹ್ಮದನ ಕಡೆಗೆ ಸರಿದರು. ಕೋಟೆಗೆ ಮರಳಿದ ಬಳಿಕ ಅವನು ಮಗನನ್ನು ಕರೆದು, ರಾಜ್ಯವೆಂಬುದು ಸೈನ್ಯದ ನಿಷ್ಠೆಯ ಮೇಲೆ ನಿಂತಿದೆ, ಆ ನಿಷ್ಠೆ ನಿನ್ನ ಚಿಕ್ಕಪ್ಪನ ಕಡೆ ಹೋಗಿರುವಾಗ ಎದುರಿಸುವುದು ವ್ಯರ್ಥ ಎಂಬರ್ಥದ ಮಾತು ಹೇಳಿ, ಬಾಗಿಲು ತೆರೆಸಿದನೆಂದು ಫರಿಶ್ತಾ ಬರೆಯುತ್ತಾನೆ. ಅಹ್ಮದ್ ಅಣ್ಣನ ಹಾಸಿಗೆಯ ಬಳಿ ಬಿದ್ದು ಅತ್ತ. ಅಣ್ಣ ಖಡ್ಗವನ್ನು ತಮ್ಮನಿಗೆ ಒಪ್ಪಿಸಿ ಮಗನನ್ನು ಅವನ ಆಶ್ರಯಕ್ಕೆ ಬಿಟ್ಟ. ಅದು 1422ರ ಸೆಪ್ಟೆಂಬರ್. ಕೆಲವೇ ದಿನಗಳಲ್ಲಿ ಫಿರೋಝ್ ಶಾಹ್ ಮರಣ ಹೊಂದಿದ. ಅದು ರೋಗದಿಂದಾದ ಮರಣವೆಂದು ಕೆಲವರೂ, ಕೊಲೆಯೆಂದು ಇನ್ನು ಕೆಲವರೂ ಬರೆದಿದ್ದಾರೆ.

25 ವರ್ಷ ಆಳಿದವನಿಗೆ ಪ್ರಜೆಗಳ ಒಪ್ಪಿಗೆಯಿಲ್ಲದೆ ಅಧಿಕಾರವಿಲ್ಲ ಎಂಬ ಸತ್ಯದ ಅರ್ಧಭಾಗ ಮರಣಶಯ್ಯೆಯಲ್ಲಿ ಹೊಳೆಯಿತು. ಅರ್ಧಭಾಗ ಎಂದೆವು, ಏಕೆಂದರೆ ಅಲ್ಲೂ ಅವನು ಎಣಿಸಿದ್ದು ಸೈನ್ಯದ ಒಪ್ಪಿಗೆಯನ್ನು. ಆ ಸೈನ್ಯವನ್ನು ಸಾಕುವ ತೆರಿಗೆಯನ್ನು ಕಟ್ಟುತ್ತಿದ್ದ ಒಕ್ಕಲಿಗ, ನೇಕಾರ, ಗಾಣಿಗರನ್ನಲ್ಲ.

ಖ್ವಾಜಾ ಮತ್ತು ಸುಲ್ತಾನ

ಹಾಗಾದರೆ ಶಾಪದ ಕಥೆ? ಹಝ್ರತ್ ಗೇಸೂದರಾಝ್(ರ) 1321ರಲ್ಲಿ ದಿಲ್ಲಿಯಲ್ಲಿ ಜನಿಸಿದವರು. 1398ರಲ್ಲಿ ತೈಮೂರನ ದಾಳಿಯ ಸಮಯದಲ್ಲಿ ದಿಲ್ಲಿಯನ್ನು ತೊರೆದು, ಇಳಿವಯಸ್ಸಿನಲ್ಲಿ ದಖನಿಗೆ ಬಂದು ಗುಲ್ಬರ್ಗಾದಲ್ಲಿ ನೆಲೆಸಿದರು. ಸುಲ್ತಾನ ಅವರನ್ನು ಆದರದಿಂದಲೇ ಸ್ವಾಗತಿಸಿದ. ಆದರೆ ತರ್ಕಶಾಸ್ತ್ರಪ್ರಿಯನಾಗಿದ್ದ ಅವನಿಗೆ ಅವರ ವಿದ್ವತ್ತು ತೃಪ್ತಿ ಕೊಡಲಿಲ್ಲವಂತೆ. ತಮ್ಮ ಅಹ್ಮದ್ ಮಾತ್ರ ಅವರ ಭಕ್ತನಾದ. 1415ರ ಸುಮಾರಿಗೆ ಸುಲ್ತಾನ ಹಸನ್ ಖಾನನನ್ನು ಉತ್ತರಾಧಿಕಾರಿಯೆಂದು ಘೋಷಿಸಿ, ಅವನನ್ನು ಆಶೀರ್ವದಿಸುವಂತೆ ಖ್ವಾಜಾರನ್ನು ಕೇಳಿಕೊಂಡ. ಅವರು ಒಪ್ಪಲಿಲ್ಲ. ಒತ್ತಾಯಿಸಿದಾಗ ಪಟ್ಟವು ಅಹ್ಮದನಿಗೆ ವಿಧಿಸಲ್ಪಟ್ಟಿದೆ ಎಂದರು. ಕೋಟೆಗೆ ಸಮೀಪದಲ್ಲಿದ್ದ ಅವರ ಖಾನ್‌ಕಾಹಿನಲ್ಲಿ ಜನಜಂಗುಳಿ ಹೆಚ್ಚಾಗಿದೆ ಎಂಬ ನೆಪವೊಡ್ಡಿ ಸುಲ್ತಾನ ಅವರನ್ನು ದೂರಕ್ಕೆ ಕಳುಹಿಸಿದ.

ನಡೆದದ್ದು ಇಷ್ಟು. ಇದನ್ನು ಶಾಪದ ಕಥೆಯನ್ನಾಗಿ ಮಾಡುವುದರಿಂದ ಇಬ್ಬರಿಗೂ ಅನ್ಯಾಯವಾಗುತ್ತದೆ. ಅರಸನ ಮುಖದೆದುರು ‘ನಿನ್ನ ಮಗನಿಗೆ ನನ್ನ ಮೊಹರು ಒತ್ತಲಾರೆ’ ಎಂದ 94 ವರ್ಷದ ವೃದ್ಧರ ನೈತಿಕ ಧೈರ್ಯ ಪವಾಡದ ಮುಸುಕಿನಲ್ಲಿ ಮರೆಯಾಗುತ್ತದೆ. ಪಾನಗಲ್ಲಿನ ಮುತ್ತಿಗೆ, ಪಾಳೆಯದ ರೋಗ, ಕಿವಿಯೂದಿದ ಅಧಿಕಾರಿಗಳು, ಮಗನ ಮೋಹ ಇವೆಲ್ಲವೂ ಲೆಕ್ಕದಿಂದ ಬಿಟ್ಟುಹೋಗುತ್ತವೆ. ಶಾಪದಿಂದ ಬಿದ್ದ ಅರಸನಿಂದ ಕಲಿಯಲು ಏನಿದೆ? ಸಂತರನ್ನು ನೋಯಿಸಬಾರದು ಎಂಬುದಷ್ಟೇ. ತನ್ನ ತಪ್ಪಿನಿಂದ ಬಿದ್ದ ಅರಸನಿಂದ ಎಲ್ಲರೂ ಕಲಿಯಬಹುದು.

ಗೌರವವನ್ನು ಕಾಪಾಡಿಕೊಂಡೇ ಇನ್ನೊಂದು ಮಾತನ್ನೂ ಹೇಳಬೇಕು. ಒಬ್ಬ ರಾಜಕುಮಾರನಿಗೆ ಆಶೀರ್ವಾದ ನಿರಾಕರಿಸಿದ್ದು ಹಿರಿಮೆ. ಇನ್ನೊಬ್ಬ ರಾಜಕುಮಾರನ ಹೆಸರನ್ನು ಹೇಳಿದಾಗ ಖಾನ್‌ಕಾಹ್ ಆಸ್ಥಾನದ ಜಗಳದ ಒಂದು ಪಕ್ಷವಾಯಿತು. ಪಟ್ಟವೇರಿದ ಅಹ್ಮದ್ ಶಾಹ್ ಖ್ವಾಜಾರ ಮನೆತನಕ್ಕೆ ಭೂಮಿ ಇನಾಮು ನೀಡಿದ. ಫಿರೋಝ್ ಶಾಹ್ ತೀರಿಕೊಂಡ ಒಂದು ತಿಂಗಳೊಳಗೇ, 1422ರ ನವೆಂಬರ್ 1ರಂದು ಖ್ವಾಜಾರೂ ಇಹಲೋಕ ತ್ಯಜಿಸಿದರು. ಕೋಟೆಯ ಗದ್ದುಗೆಯಂತೆ ಖಾನ್‌ಕಾಹಿನ ಗದ್ದುಗೆಯೂ ಮುಂದೆ ವಂಶದಲ್ಲೇ ಉಳಿಯಿತು.

ಗೆದ್ದವನ ಕಥೆ

ಇನ್ನು ಗೆದ್ದವನಿಂದ ನ್ಯಾಯ ಸ್ಥಾಪನೆಯಾಯಿತೇ? ಅಹ್ಮದ್ ಶಾಹ್ ಅಣ್ಣನ ಮಗನನ್ನು ಕೊಲ್ಲಲಿಲ್ಲ, ಫಿರೋಝಾಬಾದಿನ ಅರಮನೆಯಲ್ಲಿ ಇರಗೊಟ್ಟ. ಆ ವಂಶದ ಚರಿತ್ರೆಯಲ್ಲಿ ಇದು ಸಣ್ಣ ದಯೆಯೇನಲ್ಲ. ರಾಜಧಾನಿಯನ್ನು ಬೀದರಿಗೆ ಒಯ್ದ. ಜನರು ಅವನನ್ನು ‘ವಲೀ’ ಎಂದು ಕರೆದರು. ಬೀದರಿನ ಬಳಿಯ ಅಷ್ಟೂರಿನಲ್ಲಿರುವ ಅವನ ಗೋರಿಗೆ ಇಂದಿಗೂ ಲಿಂಗಾಯತರೂ ಮುಸ್ಲಿಮರೂ ಒಟ್ಟಾಗಿ ಬರುತ್ತಾರೆ. ಅಲ್ಲಿ ಅವನನ್ನು ಅಲ್ಲಮಪ್ರಭುವಿನೊಂದಿಗೆ ಸಮೀಕರಿಸಿ ನೆನೆಯುವವರೂ ಇದ್ದಾರೆ.

ಇದು ನಾವು ಪ್ರೀತಿಯಿಂದ ಹೇಳಿಕೊಳ್ಳುವ ಅಧ್ಯಾಯ. ಆದರೆ ಇದೇ ಅಹ್ಮದ್ ಶಾಹ್ ಪಟ್ಟವೇರಿದ ಕೂಡಲೇ ಪಾನಗಲ್ಲಿನ ಸೇಡು ತೀರಿಸಲು ವಿಜಯನಗರ ಸೀಮೆಯ ಮೇಲೆ ದಂಡೆತ್ತಿ ಹೋದ. ಸತ್ತವರ ಸಂಖ್ಯೆ 20,000 ಮುಟ್ಟಿದಾಗಲೆಲ್ಲ ಮೂರು ದಿನ ತಂಗಿ ಸಂಭ್ರಮಿಸಿದನೆಂದು ಫರಿಶ್ತಾ ಬರೆಯುತ್ತಾನೆ. ಆಸ್ಥಾನದ ಚರಿತ್ರೆಕಾರರ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇರುತ್ತದೆ. ಆದರೆ ನಿರಾಯುಧರ ಹತ್ಯೆಯನ್ನು ಕೀರ್ತಿಯೆಂದು ಬರೆಯಬಹುದಾಗಿದ್ದ ಕಾಲ ಅದು ಎಂಬುದಂತೂ ನಿಜ. ಯುದ್ಧದಲ್ಲಿ ಸ್ತ್ರೀಯರನ್ನೂ ಮಕ್ಕಳನ್ನೂ ವೃದ್ಧರನ್ನೂ ಮುಟ್ಟಬಾರದೆಂದು ವಿಧಿಸಿದ ಪ್ರವಾದಿ(ಸ)ಯವರ ಅನುಯಾಯಿಗಳು ಇಂತಹ ಸಾಲುಗಳನ್ನು ಸಮರ್ಥಿಸಲು ಹೋಗಬಾರದು, ಅಡಗಿಸಲೂ ಬಾರದು. ಅಷ್ಟೂರಿನ ಉರೂಸನ್ನು ಹೇಳುವ ಬಾಯಿ ಇದನ್ನೂ ಹೇಳಬೇಕು. ಆಗಲೇ ನಮ್ಮ ಮಾತಿಗೆ ನೆರೆಯವರ ಮುಂದೆ ಬೆಲೆ.

ಅಹ್ಮದನ ಪಟ್ಟಕ್ಕೆ ನೆರವಾದ ಖಲಫ್ ಹಸನ್ ‘ಮಲಿಕುತ್ತುಜ್ಜಾರ್’ ಎಂಬ ಬಿರುದು ಪಡೆದು ಪ್ರಬಲನಾದ. ಪರದೇಶಗಳಿಂದ ಬಂದ ಅಫಾಕಿಗಳಿಗೂ ಸ್ಥಳೀಯ ದಖನಿಗಳಿಗೂ ನಡುವಿನ ಬಿರುಕು ಬೆಳೆಯಿತು. 1481ರಲ್ಲಿ ಮಹಮೂದ್ ಗಾವಾನರಂತಹ ಪ್ರಾಮಾಣಿಕ ಪ್ರಧಾನಿಯನ್ನು ಆ ದ್ವೇಷವೇ ಬಲಿ ತೆಗೆದುಕೊಂಡಿತು. ಬಳಿಕ ರಾಜ್ಯವೇ ಐದು ಹೋಳಾಯಿತು.

ಶೂರಾ ಎಲ್ಲಿ ಹೋಯಿತು?

ಸುಲ್ತಾನರನ್ನು ಇಸ್ಲಾಮಿನ ಪ್ರತಿನಿಧಿಗಳೆಂದು ತಿಳಿಯುವ ಸ್ನೇಹಿತರಿಗೂ ವಿರೋಧಿಗಳಿಗೂ ಒಂದು ಘಟನೆಯನ್ನು ನೆನಪಿಸಬೇಕು. 644ರಲ್ಲಿ ಇರಿತಕ್ಕೊಳಗಾಗಿ ಮರಣಶಯ್ಯೆಯಲ್ಲಿದ್ದ ಖಲೀಫಾ ಉಮರ್(ರ) ಮುಂದಿನ ಖಲೀಫರನ್ನು ಆರಿಸಲು ಆರು ಮಂದಿಯ ಸಮಿತಿಯನ್ನು ನೇಮಿಸಿದರು. ತಮ್ಮ ಮಗ ಅಬ್ದುಲ್ಲಾಹ್(ರ) ಸಲಹೆ ನೀಡಬಹುದು, ಆದರೆ ಖಲೀಫಾ ಆಗುವಂತಿಲ್ಲ ಎಂದು ವಿಧಿಸಿದರು. ಕುರ್‌ಆನಿನ ಒಂದು ಅಧ್ಯಾಯದ ಹೆಸರೇ ‘ಶೂರಾ’, ಅಂದರೆ ಸಮಾಲೋಚನೆ. ಒಬ್ಬರು ಮಗನನ್ನು ದೂರವಿಟ್ಟು ಸಮಿತಿಯನ್ನು ಕರೆದರು. ಇನ್ನೊಬ್ಬ ಮಗನಿಗಾಗಿ ತಮ್ಮನ ಕಣ್ಣಿಗೆ ಸಲಾಕೆ ಕಾಯಿಸಿದ. ಇಬ್ಬರ ನಡುವಿನ ಅಂತರ ಕೇವಲ ಕಾಲದ್ದಲ್ಲ. ಖಿಲಾಫತ್ ಮನೆತನದ ಆಸ್ತಿಯಾದ ದಿನದಿಂದಲೇ ಆ ಅಂತರ ಆರಂಭವಾಗಿತ್ತು.

ಇಂದು ನಮ್ಮನ್ನು ಆಳುವವರು ಸುಲ್ತಾನರಲ್ಲ. 1950ರಿಂದ ಈ ದೇಶದಲ್ಲಿ ಸಂವಿಧಾನವಿದೆ. ಐದು ವರ್ಷಕ್ಕೊಮ್ಮೆ ಕಮರಿಪೇಟೆಯ ಸಾವಜಿಯೂ ಮುಸ್ಲಿಮನೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಬಗೆಯ ಶಾಯಿ ಹಚ್ಚಿಸಿಕೊಂಡು ಆಳುವವರನ್ನು ಆರಿಸುತ್ತಾರೆ, ಇಳಿಸುತ್ತಾರೆ. ಕಣ್ಣು ಕೀಳದೆ ಅಧಿಕಾರ ಬದಲಾಗುವ ಈ ದಾರಿ ಗುಲ್ಬರ್ಗಾದ ಕೋಟೆಯಲ್ಲಿ ಯಾರಿಗೂ ದಕ್ಕಿರಲಿಲ್ಲ. ಆ ದಾರಿಯ ಕುಂದುಕೊರತೆಗಳನ್ನು ಟೀಕಿಸುವಾಗಲೂ ಅದರ ಬೆಲೆಯನ್ನು ನಾವು ಮರೆಯಬಾರದು.

ಆದರೆ ನಮ್ಮದೇ ಸಂಸ್ಥೆಗಳಲ್ಲಿ? ಊರಿನ ಹೆಸರು ಬೇಡ, ಮೊಹಲ್ಲಾದ ಹೆಸರೂ ಬೇಡ. ಒಂದು ಜಮಾಅತಿನ ಅಧ್ಯಕ್ಷರು ವರ್ಷಗಟ್ಟಲೆ ಕುರ್ಚಿಯಲ್ಲಿದ್ದರು. ಒಳ್ಳೆಯವರು, ಕೈಯಿಂದ ಖರ್ಚು ಮಾಡಿದವರು, ಬಡ ಹುಡುಗರ ಶುಲ್ಕ ಕಟ್ಟಿದವರು. ವಾರ್ಷಿಕ ಸಭೆ ಕರೆಯುವುದನ್ನು ಮಾತ್ರ ಅವರು ನಿಲ್ಲಿಸಿದ್ದರು, ಲೆಕ್ಕವನ್ನು ಯಾರೂ ಕೇಳುತ್ತಿರಲಿಲ್ಲ. ಅವರು ಹಾಸಿಗೆ ಹಿಡಿದಾಗ ಲೆಕ್ಕದ ಪುಸ್ತಕ ಮಗನ ಕೈ ಸೇರಿತು. ತಮ್ಮಂದಿರು ಬೇರೆ ಗುಂಪು ಕಟ್ಟಿದರು. ಕಚೇರಿಗೆ ಎರಡು ಬೀಗಗಳು ಬಿದ್ದವು. ಒಂದು ಶುಕ್ರವಾರ ಜುಮಾ ನಮಾಝ್ ಪೊಲೀಸರ ಕಾವಲಿನಲ್ಲಿ ನಡೆಯಿತು. ಆ ಅಧ್ಯಕ್ಷರಿಗೆ ಹಿಂದೊಮ್ಮೆ ಅರ್ಪಿಸಿದ ಸನ್ಮಾನಪತ್ರವನ್ನು ಬರೆದುಕೊಟ್ಟವರು ನಾವೇ. ಅದರಲ್ಲಿ ಅವರ ದಾನಧರ್ಮಗಳನ್ನೆಲ್ಲ ಬರೆದಿದ್ದೆವು. ಸಭೆ ಏಕೆ ಕರೆಯುತ್ತಿಲ್ಲ ಎಂದು ಬರೆದಿರಲಿಲ್ಲ, ಬಾಯಿಬಿಟ್ಟು ಕೇಳಿಯೂ ಇರಲಿಲ್ಲ. ಫಿರೋಝ್ ಶಾಹ್‌ನ ಸುತ್ತ ಇದ್ದ ವಿದ್ವಾಂಸರನ್ನು ಟೀಕಿಸುವ ನಮ್ಮ ಲೇಖನಿ ಅಂದು ಅವರದೇ ಲೇಖನಿಯಾಗಿತ್ತು.

ಆದ್ದರಿಂದ ನಮ್ಮ ಕೋರಿಕೆ ದೊಡ್ಡದೇನಲ್ಲ. ಪ್ರತಿಯೊಂದು ಮಸೀದಿ, ಮದ್ರಸ, ದರ್ಗಾ ಮತ್ತು ಸಂಘದ ಪದಾಧಿಕಾರಿಗಳಿಗೆ ಒಂದು ಅವಧಿ ಇರಲಿ. ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರೆದುರು ಓದಲಿ. ಚಂದಾ ಕೊಡುವ ಕೂಲಿಕಾರನಿಗೂ ಪ್ರಶ್ನೆ ಕೇಳುವ ಹಕ್ಕಿರಲಿ. ಮಗ ಸಮರ್ಥನಾಗಿದ್ದರೆ ಅವನನ್ನೂ ಉಳಿದವರಂತೆ ಸಭೆಯೇ ಆರಿಸಲಿ.

ಅಂದು ಚಹಾದಂಗಡಿಯಲ್ಲಿ ನಾವು ಆ ಹುಡುಗನಿಗೆ ಕೊಟ್ಟ ಉತ್ತರ ಚಿಕ್ಕದಾಗಿತ್ತು: ಸುಲ್ತಾನ ನಮ್ಮವನೂ ಅಲ್ಲ, ಅವರವನೂ ಅಲ್ಲ, ಅವನು ಸಿಂಹಾಸನದವನು. ಹುಡುಗ ಒಪ್ಪಿದನೋ ಇಲ್ಲವೋ ತಿಳಿಯಲಿಲ್ಲ. ಬಾಕಿನ ಮೇಲಿದ್ದ ಹಿರಿಯರು ಎದ್ದು ಹೋಗುವಾಗ ಅವನ ಹೆಗಲು ತಟ್ಟಿ, “ತೆರಿಗಿ ನಾವ ಕಟ್ಟೇವಿ ತಮ್ಮಾ, ನೀವೂ ಕಟ್ಟೀರಿ” ಎಂದರು. ಫಿರೋಝ್ ಶಾಹ್‌ನ ಚರಿತ್ರೆಯನ್ನು ಆ ಬಾಕಿನ ಮೇಲೆ ಕುಳಿತು ಓದಲು ಕಲಿತ ದಿನ, ಅದನ್ನು ಹಿಡಿದು ನಮ್ಮನ್ನು ಉಬ್ಬಿಸಲೂ ಯಾರಿಗೂ ಆಗದು, ಬೆದರಿಸಲೂ ಯಾರಿಗೂ ಆಗದು.